ವಾಚಿನ ಜಾಗ

ಮಾರ್ಚ್ ೨೨, ರವಿವಾರ

ಇದನ್ನು ಬರೆಯದೇ ಬಿಡುವವಳಿದ್ದೆ. ಸನ್‌ಸ್ಕ್ರೀನ್ ಬಗ್ಗೆ ಒಂದು ಪುಟ ಬರೆದು ಮುಗಿಸಿ, ಪೆನ್ನಿಗೆ ಟೋಪಿ ಹಾಕಿ, ಮತ್ತೆ ತೆಗೆದೆ. ನನ್ನ ಎಡಗೈಯ ಮಣಿಕಟ್ಟಿನ ಮೇಲೆ, ವಾಚಿನ ಪಟ್ಟಿ ಕೂರುವಲ್ಲಿ, ಒಂದು ಬಿಳಿ ಕಲೆ ಇದೆ.

ಬರೆದಾಯಿತು. ಈಗ ಸನ್‌ಸ್ಕ್ರೀನ್.

ನಮ್ಮ ಬೋರಗಾಂವದ ಮಹಿಳಾ ಮಂಡಳದ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಬೇಸಿಗೆ ಚರ್ಮದ ಆರೈಕೆಯ ನಾಲ್ಕು ಮಾತು ಹಾಕುವುದು ನನ್ನ ಪಾಲಿಗೆ ಬಂದ ಕೆಲಸ. ನಿಪ್ಪಾಣಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ ಎನ್ನುವುದಷ್ಟೇ ನನ್ನ ಅರ್ಹತೆ. ಆದರೆ ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ, ಇದರಲ್ಲಿ ಜೇನುಮೇಣ ಇದೆ, ಇದರಲ್ಲಿ ಕುರಿಯುಣ್ಣೆಯ ಜಿಡ್ಡಿದೆ, ಜೈನರಾದ ನಮಗೆ ನಡೆಯುವುದಿಲ್ಲ ಎಂದು ಹೇಳುವವರು ಊರಲ್ಲಿ ಬೇರೆ ಯಾರೂ ಇಲ್ಲ. ಮಂಡಳದ ಅಧ್ಯಕ್ಷೆ ಕೋಮಲ ಈಗಲೇ ಕೇಳಿದ್ದಾಳೆ: "ಮೇಡಮ್ಮಾರ, ಬ್ಯಾಸಗಿ ಬಂತು, ನಿಮ್ಮ ಟಿಪ್ಸ ಎಲ್ಲಿ?"

ಈ ವರ್ಷದ ಬದಲಾವಣೆ: ಚಳಿಗಾಲದ ದಪ್ಪ ಕ್ರೀಮು ಬಂದ್, ಬದಲಿಗೆ ನೀರಿನಂಥ ಜೆಲ್. ಹುಳಿ ಸೀರಮ್ಮು ವಾರಕ್ಕೊಮ್ಮೆ ಸಾಕು, ಬೆವರಿನ ಜೊತೆ ಸೇರಿದರೆ ಉರಿಯುತ್ತದೆ. ಸನ್‌ಸ್ಕ್ರೀನ್ ಮುಖಕ್ಕಷ್ಟೇ ಅಲ್ಲ, ಮುಂಗೈಗೂ. ಹೀಗೆ ಬರೆಯುವ ಮೊದಲು ನಾನೇ ಹಚ್ಚಿ ನೋಡೋಣ ಎಂದು ವಾಚು ಬಿಚ್ಚಿದೆ.

ವಾಚು ಮುಚ್ಚಿದ ಜಾಗ ಸ್ವಲ್ಪ ತಿಳಿಯಾಗಿರುವುದು ಸಹಜ. ಸ್ಕೂಟಿ ಓಡಿಸುವವರೆಲ್ಲರ ಕೈಯಲ್ಲೂ ಇರುತ್ತದೆ. ಆದರೆ ಇದು ಆ ತಿಳಿಯೊಳಗೆ ಮತ್ತೊಂದು ತಿಳಿ. ಅಂಚು ಸ್ಪಷ್ಟವಾಗಿದೆ.

ಇಂಗ್ಲಿಷಿನಲ್ಲಿ ಬರೆದಿದ್ದರೆ ಇಷ್ಟು ಹೊತ್ತಿಗೆ ಇದಕ್ಕೊಂದು ಹೆಸರು ಕೊಟ್ಟು, ಪಾಠ ಮಾಡಿ, ಮುಚ್ಚಿಬಿಡುತ್ತಿದ್ದೆ. ಅದಕ್ಕೇ ಈ ವಹಿಯನ್ನು ಕನ್ನಡದಲ್ಲಿ ಇಟ್ಟಿದ್ದೇನೆ. ನನ್ನ ಕನ್ನಡಕ್ಕೆ ಅಷ್ಟು ಜಾಣತನ ಇಲ್ಲ.

ಮಾರ್ಚ್ ೨೪, ಮಂಗಳವಾರ

ಬೆವರಿಗೆ ಬರುವ ಚಿಬ್ಬೇ ಇರಬೇಕು. ಬೇಸಿಗೆಯಲ್ಲಿ ಅರ್ಧ ಊರಿನ ಬೆನ್ನ ಮೇಲೆ ಇರುತ್ತದೆ. ಚಿಬ್ಬಾದರೆ ಉಗುರಿನಿಂದ ಕೆರೆದಾಗ ಹಿಟ್ಟು ಬರುತ್ತದೆ. ಕೆರೆದೆ. ಹಿಟ್ಟು ಬರಲಿಲ್ಲ. ಚರ್ಮ ಕೆಂಪಾಯಿತು, ಸುತ್ತಲಷ್ಟೇ.

ಹಿಟ್ಟು ಬರಲಿಲ್ಲ ಎಂದು ಮತ್ತೆ ಕೆರೆದೆ. ಹತ್ತನೇ ತರಗತಿಗೆ ಪ್ರಯೋಗ ಕಲಿಸುವವಳು, ಬೇಕಾದ ಉತ್ತರ ಬರುವವರೆಗೆ ಪ್ರಯೋಗ ಮಾಡುತ್ತಿದ್ದೇನೆ.

ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿದೆ. ಈಗ ಜರುಗುವುದಿಲ್ಲ.

ಮಾರ್ಚ್ ೨೭, ಶುಕ್ರವಾರ

ಮುನಿಸಂಘ ಊರಿಗೆ ಬಂತು. ಅಕ್ಷಯ ತೃತೀಯೆ ಮುಗಿಯುವವರೆಗೂ ಇಲ್ಲೇ ಬಸದಿಯಲ್ಲಿರುತ್ತಾರಂತೆ. ಮಗ್ಗದ ಶೆಡ್ಡುಗಳೆಲ್ಲ ಅರ್ಧ ದಿನ ಬಂದಾಗಿ, ಊರಿನಲ್ಲಿ ಅಪರೂಪದ ಸದ್ದಿಲ್ಲದ ಮುಂಜಾವು.

ಮಧ್ಯಾಹ್ನ ಅತ್ತೆ, ಲಕ್ಷ್ಮಿಬಾಯಿ, ಜೋಳ ಹಸನು ಮಾಡುತ್ತ, ತಲೆ ಎತ್ತದೇ ಅಂದರು: "ಈ ವರ್ಷ ಕಲಶ ನಿನ್ನ ಕೈಯಾಗ." ಆಹಾರಕ್ಕೆ ಹೊರಟ ಮುನಿಗಳನ್ನು ಬಾಗಿಲಲ್ಲಿ ಕಲಶ ಹಿಡಿದು ಬರಮಾಡಿಕೊಂಡು, ಅವರ ಕೈಗೆ ಊಟ ಹಾಕುವ ಪಾಳಿ ಅದು.

"ನನ್ನ ಕೈಯಾಗ ಯಾಕ್ರಿ, ನೀವ ಇದ್ದೀರಲ್ಲ."

"ನನ್ನ ಮಣಕಾಲ ನಿಂದ್ರಗೊಡೂದಿಲ್ಲ. ಪೂನಮನ ಕೂಸ ಇನ್ನೂ ಸಣ್ಣದು, ಆಕಿ ಮುನಿಗಳ ಅಡಗಿ ಚೌಕಾದಾಗ ಬರೂ ಹಂಗಿಲ್ಲ. ನೀನು, ಸಂದೇಶ ಇಬ್ಬರೂ ಬಾಗಲದಾಗ ನಿಂದರ್ರಿ. ಈ ಮನ್ಯಾಗ ಮುನಿಗಳ ಕೈಗೆ ಅನ್ನಾ ಹಾಕಿ ಏಸ ವರ್ಷಾತು. ನಾ ಕುಂತ ನೋಡತೀನಿ."

ಸಂದೇಶ ನನ್ನ ಗಂಡ, ಪೂನಮ ನನ್ನ ಮೈದುನನ ಹೆಂಡತಿ. ತೊಟ್ಟಿಲು ತೂಗುತ್ತ, "ಅಕ್ಕಾರು ನಿಂತ್ರ ಮುನಿ ಮಹಾರಾಜರಿಗೆ ಮದಲ ಪ್ರಶ್ನಿ ಕೇಳಿಬಿಡ್ತಾರ ನೋಡ್ರಿ, ಹೋಮ್‌ವರ್ಕ ಮಾಡಿರಿಲ್ಲೋ ಅಂತ," ಅಂದಳು. ಅತ್ತೆಗೂ ನಗು ಬಂತು.

ಆಮೇಲೆ ಅತ್ತೆ ನಿಯಮ ಹೇಳಿದರು. "ಇನ್ನ ನಿನ್ನ ಆ ಟ್ಯೂಬ ಗೀಬ ಎಲ್ಲಾ ಬಂದ ಮಾಡ. ಕೈಗೆ ವಾಸನಿ ಇರಬಾರದು. ವಾಚೂ ಬ್ಯಾಡ. ತೊಳದ ಕೈ, ತೊಳದ ಸೀರಿ, ಅಷ್ಟ."

ತೊಳೆದ ಕೈ. ಅದೇ ತೊಂದರೆ.

ಕಾಗವಾಡದ ನನ್ನ ದೊಡ್ಡಮ್ಮನ ಬೆರಳುಗಳು ಬಿಳಿಯಾಗಿದ್ದವು. ಮನೆಗೆ ಮುನಿಗಳು ಬಂದ ದಿನ ಆಕೆ ಹಿತ್ತಿಲಿನ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಒಳಗೆ ಎಲ್ಲರೂ ಒಟ್ಟಿಗೆ ಹೇಳುವ ಶುದ್ಧಿಯ ಮಾತುಗಳನ್ನು ಆಕೆ ಅಲ್ಲೇ ತುಟಿಯಲ್ಲಿ ಹೇಳುತ್ತಿದ್ದಳು. ಯಾರೂ ಆಕೆಗೆ ಹೊರಗೆ ಕೂಡು ಅಂದದ್ದು ನನಗೆ ನೆನಪಿಲ್ಲ. ಒಳಗೆ ಬಾ ಅಂದದ್ದೂ ನೆನಪಿಲ್ಲ. ನಾನು ರಜೆಗೆ ಬಂದ ಬೆಳಗಾವಿ ಕಾನ್ವೆಂಟಿನ ಹುಡುಗಿ, ನಾನೂ ಕೇಳಲಿಲ್ಲ.

ಮಾರ್ಚ್ ೨೯, ರವಿವಾರ

ಮೂರು ಬಗೆಯ ಮುಚ್ಚುವಿಕೆ ನನ್ನ ಹತ್ತಿರ ಇದ್ದವು. ವಾಚು, ಸನ್‌ಸ್ಕ್ರೀನು, ಮತ್ತೆ ಚರ್ಮದ ಬಣ್ಣದ ಮೇಕಪ್ ಕಡ್ಡಿ. ಮೂರೂ ಬಾಗಿಲ ಹೊರಗೆ ಉಳಿಯುತ್ತವೆ.

ಸುತ್ತಲಿನ ಚರ್ಮ ಕಪ್ಪಾಗದಿದ್ದರೆ ಕಲೆ ಎದ್ದು ಕಾಣುವುದಿಲ್ಲ. ಹಾಗಾಗಿ ನಿನ್ನೆ ತೋಳುದ್ದದ ಕೈಗವಸು ಹಾಕಿಕೊಂಡು, ಮೇಲೆ ದುಪಟ್ಟಾ ಸುತ್ತಿ ಶಾಲೆಗೆ ಹೋಗಿ ಬಂದೆ. ನಿಪ್ಪಾಣಿಯ ಹೆದ್ದಾರಿ ಸೇತುವೆ ಕೆಳಗೆ ಬಿಸಿಗಾಳಿ ಒಲೆಯ ಬಾಯಿಯಂತೆ ಊದುತ್ತಿತ್ತು. ಕೈಗವಸಿನೊಳಗೆ ಬೆವರು, ಬೆವರಿಗೆ ತುರಿಕೆ, ತುರಿಕೆಗೆ ಭಯ. ಗುಂಪಿನಲ್ಲಿ ಹಾಕುವ ಟಿಪ್ಸಿನಲ್ಲಿ "ಬೇಸಿಗೆಯಲ್ಲಿ ಚರ್ಮಕ್ಕೆ ಗಾಳಿಯಾಡಲಿ" ಎಂದು ಬರೆದಿದ್ದೆ. ಆ ಸಾಲು ಹೊಡೆದುಹಾಕಿದೆ, ನಂತರ ನಾಚಿಕೆಯಾಗಿ ಮತ್ತೆ ಬರೆದೆ.

ಏಪ್ರಿಲ್ ೧, ಬುಧವಾರ

ಮಹಾವೀರ ಜಯಂತಿಯ ಮಾರನೆಯ ದಿನ, ಇಂದು, ನಮ್ಮ ಮನೆಯಲ್ಲಿ ಚೌಕಾ ಹೂಡಬೇಕಿತ್ತು. ಮುನಿಗಳಿಗಾಗಿ ಬೇರೆ ಒಲೆ, ಬೇರೆ ಪಾತ್ರೆ, ಬಾವಿಯ ಸೋಸಿದ ನೀರು, ಎಲ್ಲವನ್ನೂ ಅತ್ತೆ ನಿನ್ನೆಯೇ ತೊಳೆದಿಟ್ಟಿದ್ದರು.

ಬೆಳಗ್ಗೆ ಎದ್ದು ಹೇಳಿದೆ: "ಅತ್ತಿ, ನಾ ಹೊರಗಾಗೇನ್ರಿ."

ಎಷ್ಟು ಸುಲಭವಾಗಿತ್ತು. ಮುಟ್ಟಿನ ಮಾತಿಗೆ ಈ ಮನೆಯಲ್ಲಿ ಯಾರೂ ಸಾಕ್ಷಿ ಕೇಳುವುದಿಲ್ಲ. ಅತ್ತೆ ಕೈಯಲ್ಲಿದ್ದ ತಾಮ್ರದ ಚೊಂಬನ್ನು ನೋಡಿದರು, ಕೆಳಗಿಟ್ಟರು. "ಆತ ಬಿಡ. ಅದೇನ ನಿನ್ನ ಕೈಯಾಗ ಐತೇನು," ಅಂದರು.

ಮೇಲಿನ ಖೋಲಿಯಲ್ಲಿ ಕೂತಿದ್ದೇನೆ. ಹಾಲು ಕುದಿಸಿದ ವಾಸನೆ ಎದುರಿನ ಜಿನ್ನಪ್ಪನವರ ಮನೆಯಿಂದ ಬರುತ್ತಿದೆ. ಮುನಿಗಳು ಅಲ್ಲಿಗೆ ಹೋದರು.

ಏಪ್ರಿಲ್ ೩, ಶುಕ್ರವಾರ

ಪೂನಮ ತಾಟು ತಂದು ಹೊಸ್ತಿಲಲ್ಲಿಟ್ಟು, "ಅಕ್ಕಾರ, ನಿಮಗ ಮಸ್ತ ರಜಾ. ನಂಗೂ ಒಂದೆರಡ ದಿನ ಸಿಕ್ಕಿದ್ರ ಮಲಗಿಬಿಡತಿದ್ದೆ," ಅಂದಳು. ನಕ್ಕೆ.

ಕಲೆ ಬೆಳೆದಿಲ್ಲ. ಬೆಳೆದಂತೆ ಕಾಣುತ್ತದೆ.

ಏಪ್ರಿಲ್ ೮, ಬುಧವಾರ

ಶಾಲೆಯ ಕೆಲಸ ಎಂದು ಹೇಳಿ ಚಿಕ್ಕೋಡಿಗೆ ಹೋದೆ. ಚರ್ಮದ ಡಾಕ್ಟರು ನನಗಿಂತ ಚಿಕ್ಕವಳು, ಮಾತಿನಲ್ಲಿ ಅವಸರ ಇಲ್ಲ. ಕೋಣೆ ಕತ್ತಲು ಮಾಡಿ ನೀಲಿ ದೀಪ ಹಿಡಿದಳು. ಕಲೆ ಸುಣ್ಣದಂತೆ ಹೊಳೆಯಿತು. ಉಂಗುರದ ಬೆರಳಿನ ಗಿಣ್ಣಿನ ಮೇಲೆ ಸಾಸಿವೆಯಷ್ಟು ಮತ್ತೊಂದಿದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

"ತೊನ್ನು ಅಂತಾರಲ್ರಿ, ಅದರ ಹಂಗ ಕಾಣತೈತಿ. ಅಂಟೂದಲ್ಲ, ನೋವಿನ್ದಲ್ಲ. ಈ ಪಟ್ಟಿ ಯಾವಾಗಿಂದ ಕಟ್ಟತೀರಿ?"

"ಚರ್ಮದ್ದು ನಮಗ ನಡಿಯೂದಿಲ್ರಿ. ಅದಕ್ಕ ಮದಲಿಂದನೂ ರಬ್ಬರಿನ್ದ."

"ಕೆಲವರಿಗೆ ರಬ್ಬರಿನ ಕೆಮಿಕಲ್‌ನಿಂದನೂ ಹಿಂಗ ಬಣ್ಣ ಹೋಗತೈತಿ. ಬೆವರಿನಾಗ ಇನ್ನಷ್ಟು. ಈ ಬೆರಳಿಂದು ನೋಡಿದ್ರ ಬರೇ ಪಟ್ಟಿ ಅಲ್ಲ ಅನಸತೈತಿ. ಈಗ ಹೇಳಾಕ ಬರೂದಿಲ್ಲ. ಪಟ್ಟಿ ಮಾತ್ರ ಬಿಡ್ರಿ. ಬಿಗದಷ್ಟೂ ತಿಕ್ಕಿದಷ್ಟೂ ಹೆಚ್ಚಾಗತೈತಿ."

ನಾನು ಬಿಗಿ ಮಾಡಿದ ತೂತು, ಕೆರೆದ ಉಗುರು.

ಹಚ್ಚಲಿಕ್ಕೆ ಮುಲಾಮು ಬರೆದುಕೊಟ್ಟಳು. ಸನ್‌ಸ್ಕ್ರೀನ್ ಕಲೆಯ ಮೇಲೂ ಹಚ್ಚಬೇಕಂತೆ. ಕೇಳಿದೆ: "ಸುತ್ತಲ ಕಪ್ಪಾಗದಿದ್ರ ಕಲೆ ಕಾಣೂದಿಲ್ಲ, ಅದಕ್ಕಲ್ರಿ?"

"ಅದೂ ಆಗತೈತಿ. ನಾ ಅದಕ್ಕ ಹೇಳಾಕತ್ತಿಲ್ಲ. ಅಲ್ಲಿ ಬಿಸಲ ತಡಿಯೂ ಬಣ್ಣ ಇಲ್ಲ. ಸುಡತೈತಿ."

ಬಸ್ಸಿನಲ್ಲಿ ಕೂತು ಒಂದೇ ಯೋಚನೆ. ರಬ್ಬರಿನಿಂದ ಬಂದದ್ದು ಎಂದು ಹೇಳಬಹುದಲ್ಲ. ಅಹಿಂಸೆಗಾಗಿ ಚರ್ಮ ಬಿಟ್ಟೆ, ಅದರಿಂದ ಕಲೆಯಾಯಿತು, ಯಾರು ಬೇಡವೆನ್ನುತ್ತಾರೆ? ಆಮೇಲೆ ಅನ್ನಿಸಿತು, ಹಾಗಾದರೆ ದೊಡ್ಡಮ್ಮನಿಗೆ ರಬ್ಬರಿನ ನೆಪ ಇರಲಿಲ್ಲ ಎನ್ನುವುದಷ್ಟೇ ಆಕೆಯ ತಪ್ಪೇ? ಒಂದೇ ಬಿಳುಪು. ಒಂದಕ್ಕೆ ಕಾರಣ ಗೊತ್ತಿದೆ, ಇನ್ನೊಂದಕ್ಕೆ ಇಲ್ಲ.

ಇಷ್ಟು ಯೋಚಿಸಿಯೂ ನಿಪ್ಪಾಣಿಯಲ್ಲಿ ಇಳಿದು ಬಟ್ಟೆಯ ಪಟ್ಟಿಯ ಹೊಸ ವಾಚು ಕೊಂಡೆ.

ಏಪ್ರಿಲ್ ೧೧, ಶನಿವಾರ

ಮತ್ತೆ ಹೇಳಿದೆ. ನಾಳೆ ಚೌಕಾ ಎಂದು ಅತ್ತೆ ಅಂದ ಕೂಡಲೇ, ಯೋಚನೆಗೂ ಮೊದಲು ಬಾಯಿಂದ ಬಂತು: "ನಾ ಮತ್ತ ಹೊರಗಾಗೇನ್ರಿ."

ಈ ಸಲ ಅತ್ತೆ ಚೊಂಬು ನೋಡಲಿಲ್ಲ. ನನ್ನನ್ನು ನೋಡಿದರು.

"ಮತ್ತ? ಮೊನ್ನೆರ ಆಗಿದ್ಯಲ್ಲ."

"ವಯಸ್ಸಿಗೆ ಹಿಂಗ ಆಗತೈತ್ರಿ."

"ಹಿಂಗಲ್ಲ. ನನ್ನ ತಂಗಿದು ಹಿಂಗ ಸುರು ಆಗಿತ್ತು. ಯಾರಿಗೂ ಹೇಳಲಿಲ್ಲ, ಹೊಟ್ಟ್ಯಾಗಿಟಗೊಂಡ ಕುಂತಳು. ಕಡೀಕೆ ಮೀರಜಕ್ಕ ಒಯ್ದಾಗ ಡಾಕ್ಟರ ಕೈ ತೊಳಕೊಂಡ." ಗೋಡೆ ಹಿಡಿದು ಎದ್ದರು. "ಸಂದೇಶಾ, ಏ ಸಂದೇಶಾ. ಸೋಮವಾರ ಇಕೀನ ದವಾಖಾನಿಗೆ ಕರಕೊಂಡ ನಡಿ. ನಾನೂ ಬರತೀನಿ."

ಸಂದೇಶ ಮಗ್ಗದ ಎಣ್ಣೆಯ ಕೈಯಲ್ಲೇ ಬಂದು ನಿಂತ. ಅವನ ಮುಖದಲ್ಲಿ ನಾನು ಭಯ ಕಂಡದ್ದು ಇದೇ ಮೊದಲು.

ಸಂಜೆ ಪೂನಮ ಮೆಲ್ಲಗೆ ಹೇಳಿದಳು. ನನ್ನ ಮುಟ್ಟು ಸರಿಯಾಗುವವರೆಗೆ ಅತ್ತೆ ಉಪ್ಪು ಬಿಟ್ಟಿದ್ದಾರೆ. ದಿನಕ್ಕೆ ಒಂದೇ ಊಟ. ಬಸದಿಗೆ ಹೋಗಿ ನಿಯಮ ತೆಗೆದುಕೊಂಡೇ ಬಂದರಂತೆ.

ಏಪ್ರಿಲ್ ೧೩, ಸೋಮವಾರ

ನಿಪ್ಪಾಣಿ. ಸ್ಕ್ಯಾನು. ಹೊಟ್ಟೆಯ ಮೇಲೆ ತಣ್ಣನೆ ಜೆಲ್ ಹಾಕಿದಾಗ, ಈ ಬೇಸಿಗೆಗೆ ಎಷ್ಟು ಹಿತ ಅನ್ನಿಸಿತು. ಅದಕ್ಕೂ ಅಪರಾಧದ ಭಾವ.

ಡಾಕ್ಟರು ತಾರೀಖು ಕೇಳಿದರು. ನಾನು ತಡವರಿಸಿದೆ. ಬಾಗಿಲಲ್ಲಿ ಕೂತಿದ್ದ ಅತ್ತೆ ಒಂದೂ ತಪ್ಪದೇ ಹೇಳಿದರು.

"ಎಲ್ಲಾ ಚಲೋ ಐತ್ರಿ," ಅಂದರು ಡಾಕ್ಟರು.

"ಚಲೋ ಇದ್ರ ಹಿಂಗ ಯಾಕ ಆಗತೈತಿ? ಗರ್ಭಚೀಲ ತಗದ ಬಿಡ್ರಿ ಒಮ್ಮೆ."

"ಏನ ತಗೀಲಿ ಅಜ್ಜಿ? ಇದ್ದದ್ದೆಲ್ಲಾ ನೆಟ್ಟಗೈತಿ. ಮುಂದಿನ ತಿಂಗಳ ನೋಡೂಣು."

ಮುಂದಿನ ತಿಂಗಳು. ಅಲ್ಲಿಯವರೆಗೆ ಉಪ್ಪಿಲ್ಲ. ಹೊರಗೆ ಜನ ತಲೆಗೆ ಒದ್ದೆ ಟಾವೆಲ್ ಹಾಕಿಕೊಂಡು ಓಡಾಡುತ್ತಿದ್ದಾರೆ. ಬೆವರಿನಲ್ಲಿ ಏನು ಹೋಗುತ್ತದೆ, ಹೋದರೆ ಏನಾಗುತ್ತದೆ ಎಂದು ನಾನೇ ವರ್ಷ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ.

ಕಾರಿನಲ್ಲಿ ಅತ್ತೆಯ ಕೈ ನನ್ನ ತೊಡೆಯ ಮೇಲಿತ್ತು. ಹೇಳಬೇಕು ಅಂದುಕೊಂಡೆ. ಯಮಗರ್ಣಿ ದಾಟಲಿ, ಹೇಳುತ್ತೇನೆ. ದಾಟಿತು. ಮನೆ ಬರಲಿ. ಬಂತು.

ಏಪ್ರಿಲ್ ೧೪, ಮಂಗಳವಾರ

ಅತ್ತೆ ಬಿದ್ದರು.

ನೀರಿನ ಹಂಡೆಯ ಹತ್ತಿರ. ಸದ್ದು ಕೇಳಿ ಓಡಿದೆ. ಗೋಡೆಗೆ ಒರಗಿ ಕೂತಿದ್ದರು, ಬಿದ್ದಂತೆ ಅಲ್ಲ, ದಣಿದು ಕೂತಂತೆ. "ಏನಿಲ್ಲ, ಕಣ್ಣಿಗೆ ಕತ್ತಲಿ ಬಂತ ಅಷ್ಟ," ಅಂದರು. ತುಟಿ ಬಿಳಚಿತ್ತು. ನಾನು ನೆಲದ ಮೇಲೆ ಕೂತೆ. ವಾಚು ಬಿಚ್ಚಿದೆ.

"ಅತ್ತಿ, ನಾ ಹೊರಗಾಗಿರಲಿಲ್ಲ. ಎರಡೂ ಸಲ ಸುಳ್ಳ ಹೇಳೀನಿ. ಇದಕ್ಕ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ನನ್ನ ಕೈಯನ್ನು ಎಳೆದು ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಒತ್ತಿದರು. ಸೆರಗಿನ ತುದಿ ನೀರಿನಲ್ಲಿ ಅದ್ದಿ ಒರೆಸಿದರು, ಸುಣ್ಣ ತಾಕಿದ್ದನ್ನು ಒರೆಸುವ ಹಾಗೆ. ಹೋಗಲಿಲ್ಲ. ಮತ್ತೊಮ್ಮೆ ಒರೆಸಿದರು.

"ಯಾವಾಗಿಂದ?"

"ನಾ ನೋಡಿದ್ದು ಹೋದ ತಿಂಗಳ."

"ಡಾಕ್ಟರಿಗೆ ತೋರಸಿ?"

"ಚಿಕ್ಕೋಡ್ಯಾಗ."

"ಶಾಲಿ ಕೆಲಸ ಅಂದಿ."

"ಹೌದ್ರಿ."

ಅಳುತ್ತಾರೆಂದುಕೊಂಡೆ, ಇಲ್ಲವೇ ದೂರ ಸರಿಯುತ್ತಾರೆಂದು. ಕೈ ಮಾತ್ರ ಬಿಟ್ಟಿರಲಿಲ್ಲ.

"ಮೊದಲ ನನಗ ಉಪ್ಪ ಹಾಕಿ ಮಜ್ಜಗಿ ಕೊಡ," ಅಂದರು. "ನಿನಗ ಬೈಯಾಕ ಮೈಯಾಗ ಶಕ್ತಿ ಬೇಕು."

ಎರಡು ಲೋಟ ಕುಡಿದರು. ಆಮೇಲೆ ಬೈದರು. ಕಲೆಯ ಬಗ್ಗೆ ಒಂದು ಮಾತಿಲ್ಲ. "ನನ್ನ ತಂಗೀನ ನೆನಸಿ ನಾ ರಾತ್ರಿ ಅತ್ತೀನಿ. ನೀ ಮ್ಯಾಲ ಖೋಲ್ಯಾಗ ಕುಂತ ಪುಸ್ತಕ ಓದೀ. ಇಷ್ಟ ಶಾಣೇಕಿ, ಇಷ್ಟ ಕಲತಾಕಿ. ಮುಟ್ಟಿನ ಮ್ಯಾಲ ಸುಳ್ಳ ಹೇಳೂದು ಯಾವ ಸಾಲ್ಯಾಗ ಕಲಿಸಿದ್ರು?" ನಡುವೆ ಉಸಿರು ಬಿಟ್ಟು ಮತ್ತೆ ಶುರು ಮಾಡಿದರು. ತೊಟ್ಟಿಲ ಕೂಸು ಎದ್ದಿತು. ನಾನು ತಲೆ ತಗ್ಗಿಸಿ ಕೇಳಿದೆ. ಬೈಗುಳ ನಿಲ್ಲಬಾರದು ಅನ್ನಿಸುತ್ತಿತ್ತು. ನಿಂತಮೇಲೆ ಕಲೆಯ ಮಾತು ಬರುತ್ತದಲ್ಲ.

ಬಂತು. "ಕಾಗವಾಡದ ನಿಮ್ಮ ದೊಡ್ಡವ್ವ ಒಳಗ ಬರತಿರಲಿಲ್ಲ. ನನಗೂ ಗೊತ್ತೈತಿ."

"ಹೌದ್ರಿ."

"ನಾ ಏನ ಹೇಳಲಿ? ಇದು ನನಗ ತಿಳಿಯೂದಲ್ಲ." ಅಷ್ಟೇ ಹೇಳಿ, ಗೋಡೆ ಹಿಡಿದು ಒಳಗೆ ಹೋದರು.

ರಾತ್ರಿ ಸಂದೇಶನಿಗೆ ತೋರಿಸಿದೆ. "ಇದನ್ನ ನಾ ಮದಲ ನೋಡೀನಲ್ಲ. ವಾಚಿನ ಗುರ್ತ ಅಂದಕೊಂಡಿದ್ದೆ," ಅಂದ. ಸ್ವಲ್ಪ ಹೊತ್ತಾದಮೇಲೆ, "ಹೊಟ್ಟೀದೇನೂ ಇಲ್ಲಲ್ಲ?" ಎಂದು ಕೇಳಿದ. ಇಲ್ಲ ಅಂದೆ. ಪಕ್ಕಕ್ಕೆ ಹೊರಳಿ, ಬಹಳ ದಿನದ ನಿದ್ದೆ ಬಾಕಿ ಇದ್ದವನಂತೆ ಮಲಗಿಬಿಟ್ಟ.

ಏಪ್ರಿಲ್ ೧೬, ಗುರುವಾರ

ನಿನ್ನೆಯೆಲ್ಲ ಅತ್ತೆ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಇವತ್ತು ಬೆಳಗ್ಗೆ ಸೀರೆ ಉಟ್ಟು, "ನಡಿ, ಕೇಳಿ ಬರೂಣು," ಅಂದರು.

ಸಂಘದ ಜೊತೆಗಿರುವ ಬ್ರಹ್ಮಚಾರಿಣಿ ಸಪನಾ ದೀದಿ ಬಸದಿಯ ಜಗುಲಿಯಲ್ಲಿ ಧಾನ್ಯ ಆರಿಸುತ್ತಿದ್ದರು. ಬಿಳಿ ಸೀರೆ, ತೆಲಸಂಗದ ಕಡೆಯ ಮಾತು. ಅತ್ತೆ ಎಲ್ಲವನ್ನೂ ಹೇಳಿದರು. ಸುಳ್ಳನ್ನೂ ಹೇಳಿದರು, ತಮ್ಮ ಉಪ್ಪಿನ ನಿಯಮ ನಡುವೆ ಮುರಿದದ್ದನ್ನೂ. ನಾನು ಕೈ ಚಾಚಿ ನಿಂತಿದ್ದೆ, ಉಗುರು ತೋರಿಸುವ ಮಕ್ಕಳ ಹಾಗೆ.

ದೀದಿ ನೋಡಿದರು. "ಸೋರೂ ಗಾಯ ಅಲ್ಲ ಇದು."

"ಅಲ್ರಿ."

"ಹಿಂಥಾ ಕೈಲೆ ಕೊಡಬಾರದು ಅಂತನೂ ಹೇಳತಾರ. ಗಾಯ ಅಲ್ಲಲ್ಲ, ನಡಿತೈತಿ ಅಂತನೂ ಹೇಳತಾರ. ನಾ ನಿಮಗ ಒಂದ ಉತ್ತರ ಕೊಟ್ಟ ಕಳಸಿದ್ರ ಅದು ನನ್ನ ಮಾತಾಗತೈತಿ, ಧರ್ಮದ್ದಲ್ಲ." ಕಾಳು ಆರಿಸುತ್ತಲೇ ಅಂದರು. "ಮುಚ್ಚಿ ಕೊಡೂದು ಮಾತ್ರ ಯಾರೂ ಒಪ್ಪೂದಿಲ್ಲ. ತೆರೆದ ಕೈಲೆ ಬಾಗಲದಾಗ ನಿಂದರ್ರಿ. ಮಹಾರಾಜರು ಮನಸಿನಾಗ ಏನೋ ಒಂದ ನಿಯಮ ಇಟಗೊಂಡ ಬರತಾರ, ಅದು ಯಾರಿಗೂ ಗೊತ್ತಿರೂದಿಲ್ಲ. ನಿಮ್ಮ ಮುಂದ ನಿಂದ್ರಬಹುದು, ಮುಂದಿನ ಮನಿಗೆ ಹೋಗಬಹುದು. ಮುಂದ ಹೋದ್ರ ಕಲೆ ನೋಡೇ ಹೋದ್ರು ಅಂತ ಅಳೂದಿದ್ರ ಈಗಲೇ ಬ್ಯಾಡ."

ಅಳುತ್ತೇನೆಯೇ? ಗೊತ್ತಿಲ್ಲ. ಹೋಗುವಾಗ ಬೇಕಿದ್ದದ್ದು ಹೌದು ಅಥವಾ ಇಲ್ಲ. ಇಲ್ಲ ಅಂದಿದ್ದರೆ ಸಿಟ್ಟು ಮಾಡಿಕೊಂಡು ಆರಾಮ ಇರುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

ಬರುವ ದಾರಿಯಲ್ಲಿ ಅತ್ತೆ ಬೇವಿನ ನೆರಳಲ್ಲಿ ನಿಂತು ಮೊಣಕಾಲು ತಿಕ್ಕಿಕೊಂಡರು. "ರವಿವಾರ ಅಕ್ಷಯ ತೃತೀಯ. ಬಾವಿ ಕಡೆ ಒಂದ ಸಾಲ ಕಬ್ಬ ಫ್ಯಾಕ್ಟರಿಗೆ ಕಳಸದ ಹಂಗ ಇಟ್ಟೀನಿ, ಆವತ್ತ ಮುನಿಗಳಿಗೆ ಕೊಡೂ ರಸಕ್ಕ. ಕಲಶ ಯಾರ ಹಿಡೀತಾರ?"

"ನೀವ ಹೇಳ್ರಿ."

"ನಾ ಕೇಳಾಕತ್ತೀನಿ. ಹೇಳೂದ ನಿನಗ ಬಿಟ್ಟೀನಿ."

"ನಾ ಹಿಡೀತೀನ್ರಿ."

"ಮುಂದ ಹೋದ್ರ?"

"ಹೋಗಲ್ರಿ."

ಅತ್ತೆ ನಡೆಯಲು ಶುರು ಮಾಡಿದರು. ನಾಲ್ಕು ಹೆಜ್ಜೆಗೆ ಮತ್ತೆ ನಿಂತು, ಬೇರೆ ಯಾರೋ ಕೇಳಬಾರದೆಂಬಂತೆ ಅಂದರು: "ಹೋದ್ರ ನಾ ಅಳತೀನಿ. ನಿನಗ ಈಗಲೇ ಹೇಳಿರತೀನಿ."

ಏಪ್ರಿಲ್ ೧೭, ಶುಕ್ರವಾರ

ದಿನವಿಡೀ ತಿರುಗಾಟ. ಗಿರಣಿಗೆ ಗೋಧಿ, ಬಾವಿಯಿಂದ ನೀರು, ನಿಪ್ಪಾಣಿಯಿಂದ ಹೊಸ ಜರಡಿ ಬಟ್ಟೆ. ಗಿರಣಿಯಲ್ಲಿ ಕೋಮಲ ಸಿಕ್ಕಳು. ಪಾಳಿ ಉದ್ದವಿತ್ತು, ವಾಚು ಮನೆಯಲ್ಲೇ ಉಳಿದಿತ್ತು, ಅವಳನ್ನು ಟೈಮೆಷ್ಟು ಎಂದು ಕೇಳಿದೆ. ಅವಳು ಹೇಳಿದಳು, ಆದರೆ ಮಾತು ಯಾಕೋ ನಡುವೆಯೇ ನಿಂತಿತು. ನನ್ನ ಕೈ ಕಡೆ ನೋಡುತ್ತಿದ್ದಳು. ಗೋಧಿಯ ಧೂಳು ಮೆತ್ತಿದೆಯೇನೋ ಎಂದು ಜಾಡಿಸಿಕೊಂಡೆ. "ಟಿಪ್ಸ ಹಾಕ್ರಿ ಮೇಡಮ್ಮಾರ, ಬಿಸಲ ಮುಗಿದ ಮ್ಯಾಲ ಹಾಕತೀರೇನು," ಎಂದು ಆಮೇಲೆ ನಕ್ಕಳು.

ಹೌದು, ಅದೊಂದು ಬಾಕಿ ಇದೆ. ಮಧ್ಯಾಹ್ನ ಕೂತು ಬರೆದೆ. ಜೆಲ್ಲಿನ ಸಾಲು, ಸೀರಮ್ಮಿನ ಸಾಲು, ನೀರು ಕುಡಿಯುವ ಸಾಲು ಹಾಗೇ ಇವೆ. ಚರ್ಮಕ್ಕೆ ಗಾಳಿಯಾಡಲಿ ಎನ್ನುವುದೂ ಇದೆ. ಕೊನೆಗೆ ಹೀಗೆ ಸೇರಿಸಿದೆ:

"ಬಿಳಿ ಕಲೆ ಇರುವವರು ಅದರ ಮೇಲೂ ಸನ್‌ಸ್ಕ್ರೀನ್ ಹಚ್ಚಿ. ಮುಚ್ಚುವುದಕ್ಕಲ್ಲ. ಅಲ್ಲಿ ಬಿಸಿಲು ಬೇಗ ಸುಡುತ್ತದೆ. ಪಟ್ಟಿ, ಬಳೆ ಬಿಗಿಯಾಗಿ ಕಟ್ಟಬೇಡಿ, ಕೆರೆಯಬೇಡಿ. ನನಗೂ ಇದೆ, ಎಡಗೈ ಮೇಲೆ. ವಾಚಿನ ರಬ್ಬರಿನಿಂದ ಬಂದಿರಬಹುದು, ತಾನಾಗಿಯೇ ಬಂದಿರಬಹುದು. ಡಾಕ್ಟರಿಗೆ ಇನ್ನೂ ಗೊತ್ತಿಲ್ಲ. ರವಿವಾರ ನಾನು ನಮ್ಮ ಬಾಗಿಲಲ್ಲಿ ಕಲಶ ಹಿಡಿದು ನಿಲ್ಲುತ್ತೇನೆ."

ಮೊದಲು ರಬ್ಬರಿನ ಮಾತಷ್ಟೇ ಬರೆದಿದ್ದೆ. ಓದಿದಾಗ ಚೆನ್ನಾಗಿತ್ತು. ಹೆಚ್ಚೇ ಚೆನ್ನಾಗಿತ್ತು. ಉಳಿದದ್ದನ್ನೂ ಸೇರಿಸಿದೆ.

ಅತ್ತೆಗೆ ಓದಿ ಹೇಳಿದೆ. ಅವರು ಸೊಪ್ಪು ಸೋಸುವುದನ್ನು ನಿಲ್ಲಿಸಿದರು.

"ಇದನ್ನ ಸೋಮವಾರ ಹಾಕ. ಎಲ್ಲಾ ಮುಗದಿರತೈತಿ."

"ಸೋಮವಾರ ಹಾಕಿದ್ರ ಮುಚ್ಚಿ ಕೊಟ್ಟಂಗ ಆಗತೈತ್ರಿ."

"ಮದಲ ಹಾಕಿದ್ರ ನಾಕ ಮಂದಿ ಬಂದ ಕೇಳತಾರ. ಜಿನ್ನಪ್ಪನ ಹೇಣತಿ ಅಂತೂ ಓಡಿಕೋತ ಬರತಾಳ."

"ಬರಲ್ರಿ. ಬಾಗಲದಾಗ ನಿಂತಾಗ ಕೇಳೂದಕಿಂತ ಮದಲ ಕೇಳಲಿ."

ಪೂನಮ ಕೂಸನ್ನು ಹೆಗಲಿಗೆ ಹಾಕಿಕೊಂಡು ನನ್ನ ಫೋನಿನಲ್ಲಿ ಇಣುಕಿ, "ಫೋಟೋ ಹಾಕ್ರಿ ಅಕ್ಕಾರ. ಇಲ್ಲಂದ್ರ ಮಂದಿ ಕೈ ಪೂರಾ ಬೆಳ್ಳಗಾಗೇತಿ ಅಂತ ಮಾತಾಡತಾರ," ಅಂದಳು. ಸರಿ ಅನ್ನಿಸಿತು. ಅಂಗಳದ ಬಿಸಿಲಿ‌ಗೆ ಕೈ ಹಿಡಿದು ನಾನೇ ತೆಗೆದೆ. ಒಂದೇ ಕೈಯಲ್ಲಿ ಹಿಡಿದ ಫೋನು ಒತ್ತುವಾಗ ಅಲುಗಿತು.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. "ಮಸಕ ಬಂದೈತಿ. ಇದನ್ನ ನೋಡಿದ್ರ ಏನೋ ಮುಚ್ಚಾಕತ್ತಾಳ ಅಂತಾರ." ಎದ್ದು ಬಂದು ನನ್ನ ಮಣಿಕಟ್ಟನ್ನು ಕೆಳಗಿನಿಂದ ಹಿಡಿದರು, ಅಲುಗದ ಹಾಗೆ. "ಪೂನಮ್, ಈಗ ತಗಿ."

ಈ ಸಲ ಚೆನ್ನಾಗಿ ಬಂದಿದೆ. ಕಲೆಯ ಅಂಚು ಸ್ಪಷ್ಟವಾಗಿದೆ, ಗಿಣ್ಣಿನ ಮೇಲಿನ ಸಾಸಿವೆಯೂ ಕಾಣುತ್ತದೆ. ಕೆಳಗೆ ಅತ್ತೆಯ ಹೆಬ್ಬೆರಳು ಬಂದಿದೆ. ಕತ್ತರಿಸಲೇ ಎಂದು ಕೇಳಿದೆ. ಇರಲಿ ಅಂದರು.

ರವಿವಾರ ಏನಾಗುತ್ತದೋ ತಿಳಿಯದು. ಆದರೆ ಮಹಾರಾಜರು ನಮ್ಮ ಬಾಗಿಲು ದಾಟಿ ಹೋಗುವುದಾದರೆ ಎಲ್ಲರಿಗೂ ತಿಳಿದ ಬಾಗಿಲನ್ನೇ ದಾಟಿ ಹೋಗಲಿ. ಹೆಂಗಸರು ಹಾಲು ಹಾಕಿಸಿಕೊಂಡು ಫೋನು ನೋಡುವ ಹೊತ್ತಿಗೆ ಸರಿಯಾಗಿ ಗುಂಪಿನಲ್ಲಿ ಹಾಕುತ್ತೇನೆ.

ನಾಳೆ. ಏಪ್ರಿಲ್ ೧೮, ಶನಿವಾರ.